ಕೈಗೊಂದು ಕಾಗದ ಸಿಗುವವರೆಗೆ

ಈ ತಿಂಗಳ ಟಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರಗಳು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವು. ಹೆಸರು ಹಾಕಬೇಡಿ ಎಂದು ಕೆಲವರು ಬರೆದಿದ್ದಾರೆ. ಹಾಗೆ ಬರೆಯದವರ ಹೆಸರನ್ನೂ ನಾನು ತೆಗೆದಿದ್ದೇನೆ. ಪತ್ರಿಕೆ ಓದುವವರಲ್ಲಿ ಮಾಲೀಕರೂ ಇರುತ್ತಾರೆ, ಮೇಸ್ತ್ರಿಗಳೂ ಇರುತ್ತಾರೆ.

ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ದೀಪಾವಳಿ ಮುಗಿಸಿ ಬೆಂಗಳೂರು ಕಡೆ ಇಟ್ಟಿಗೆ ಭಟ್ಟಿಗೆ ಗುಳೆ ಹೋದರು. ಮೇಸ್ತ್ರಿ ಅರವತ್ತು ಸಾವಿರ ಮುಂಗಡ ಕೊಟ್ಟಿದ್ದ. ಯುಗಾದಿಗೆ ಬರತೀವಿ ಅಂದವರು ಬರಲಿಲ್ಲ. ಫೋನ್ ಹಚ್ಚಿದರೆ ‘ಲೆಕ್ಕ ಮುಗದಿಲ್ಲ, ಮಾಲೀಕರು ಬಿಡೂದಿಲ್ಲ’ ಅಂತಾರ. ಹುಡುಗನಿಗೆ ಜ್ವರ ಬಂದಾಗ ದವಾಖಾನೆಗೆ ಒಬ್ಬರೇ ಹೋಗ್ರಿ, ಇನ್ನೊಬ್ಬರು ಇಲ್ಲೇ ಇರ್ರಿ ಅಂದರಂತ. ಹೊಡೆದಿಲ್ಲ, ಬಡಿದಿಲ್ಲ. ಸಾಲ ತಗೊಂಡಿದ್ದೂ ಖರೇ. ಇದು ಜೀತ ಆಗತದೇನ್ರಿ ಮೇಡಂ? ಕರಕೊಂಡು ಬಂದರ ನಮ್ಮ ಮ್ಯಾಲೆ ಕೇಸ್ ಹಾಕತಾರೇನು?
ರಾಯಚೂರು ಜಿಲ್ಲೆ

ಆಗುತ್ತದೆ. ನೀವು ನಡುವೆ ಸಣ್ಣದಾಗಿ ಬರೆದ ಮಾತಿನಲ್ಲೇ ಉತ್ತರವಿದೆ. ಜ್ವರ ಬಂದ ಮಗುವಿನ ಜೊತೆ ಒಬ್ಬರು ಹೋಗಬಹುದು, ಇನ್ನೊಬ್ಬರು ಉಳಿಯಬೇಕು ಎಂದರೆ ಉಳಿದವರು ಒತ್ತೆ ಎಂದೇ ಅರ್ಥ. ಜೀತವೆಂದರೆ ಕಾಲಿಗೆ ಸರಪಳಿ, ಬೆನ್ನಿಗೆ ಬಾರುಕೋಲು ಎಂದು ಅಧಿಕಾರಿಗಳೂ ತಿಳಿದಿರುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ಮುಂಗಡದ ಬದಲಿಗೆ ದುಡಿಯುವವರಿಗೆ ಕೂಲಿ ಸರಿಯಾಗಿ ಸಿಗದಿದ್ದರೂ ಸರಿ, ಬೇರೆ ಕಡೆ ದುಡಿಯಲು ಬಿಡದಿದ್ದರೂ ಸರಿ, ಬೇಕೆಂದಲ್ಲಿಗೆ ಓಡಾಡಲು ಬಿಡದಿದ್ದರೂ ಸರಿ, ಇವುಗಳಲ್ಲಿ ಒಂದಿದ್ದರೂ ಅದು ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣ ಅದು.

ಸಾಲದ ಬಗ್ಗೆ ಹೆದರಬೇಡಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದಂತೆ ಲೆಕ್ಕ. ಅದರ ಪ್ರಕಾರ ಜೀತದ ಸಾಲ ರದ್ದು, ವಸೂಲಿಗೆ ಕೋರ್ಟಿಗೂ ಹೋಗುವಂತಿಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಇದು ಜೀತದ ಸಾಲ ಎಂದು ನಿಮ್ಮ ಚಿಕ್ಕಪ್ಪ ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಭಾರ ಸಾಲ ಕೊಟ್ಟವನ ಮೇಲೆ. ಅಪರಾಧಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಐವತ್ತು ವರ್ಷದಿಂದ ಆ ಎರಡು ಸಾವಿರ ಹಾಗೇ ಕೂತಿದೆ. ದುಡಿಯುವವರು ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರುತ್ತದೆ. ಅಲ್ಲಿನ ಶಿಕ್ಷೆ ಹೆಚ್ಚು, ಅರ್ಜಿಯಲ್ಲಿ ಜಾತಿ ಬರೆಯುವುದನ್ನು ಮರೆಯಬೇಡಿ.

ಅರ್ಜಿ ಕೊಡಬೇಕಾದ್ದು ನಿಮ್ಮೂರಿನ ಕಚೇರಿಗಲ್ಲ. ಭಟ್ಟಿ ಇರುವ ಜಾಗದ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ ಕೊಡಿ, ಪ್ರತಿ ಜಿಲ್ಲಾಧಿಕಾರಿಗೂ ಹೋಗಲಿ. ಮುಂಗಡ ಎಷ್ಟು, ಕೊಟ್ಟವನು ಯಾರು, ಸಾವಿರ ಇಟ್ಟಿಗೆಗೆ ಎಷ್ಟು ಎಂದು ಮಾತಾಗಿತ್ತು, ವಾರದ ಖರ್ಚಿಗೆ ಎಷ್ಟು ಕೊಡುತ್ತಾರೆ, ಭಟ್ಟಿಯ ಹತ್ತಿರ ಯಾವ ಬಸ್ ಸ್ಟಾಪು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯಬೇಡಿ. ಜೊತೆಗೆ ಬರಲು ಯಾರೂ ಇಲ್ಲದಿದ್ದರೆ ‘ಜೀತ ವಿಮುಕ್ತಿ ಕರ್ನಾಟಕ’, ಅಂದರೆ ‘ಜೀವಿಕ’ದವರನ್ನು ಕೇಳಿ. ದಶಕಗಳಿಂದ ಅವರ ಕೆಲಸವೇ ಇದು.

ಈಗ ಮುಖ್ಯವಾದ ಮಾತು. ಅಧಿಕಾರಿಗಳು ಭಟ್ಟಿಗೆ ಹೋಗುತ್ತಾರೆ, ಮಾಲೀಕನನ್ನು ಗದರುತ್ತಾರೆ, ಅವನು ‘ತಪ್ಪಾಯ್ತು ಸಾರ್’ ಎಂದು ಬಸ್ ಚಾರ್ಜು ಕೊಟ್ಟು ಇವರನ್ನು ಕಳಿಸುತ್ತಾನೆ. ಎಲ್ಲರಿಗೂ ಸಮಾಧಾನ. ಹಾಗೆ ಬಂದುಬಿಡಬೇಡಿ. ಬಿಡುಗಡೆ ಪತ್ರ ಕೈಗೆ ಸಿಗದೆ ಊರು ಮುಟ್ಟಿದವರು ಸರ್ಕಾರದ ಲೆಕ್ಕದಲ್ಲಿ ಜೀತದಲ್ಲಿ ಇರಲೇ ಇಲ್ಲ. ಮುಂದಿನ ದೀಪಾವಳಿಗೆ ಅದೇ ಮೇಸ್ತ್ರಿ ಹಳೇ ಬಾಕಿಯ ಚೀಟಿ ಹಿಡಿದು ಅದೇ ಬಾಗಿಲಿಗೆ ಬರುತ್ತಾನೆ. ಪತ್ರವಿದ್ದರೆ ತಕ್ಷಣ 30,000 ರೂಪಾಯಿವರೆಗೆ ನೆರವು. ಆಮೇಲಿನ ಪುನರ್ವಸತಿ ಗಂಡಸರಿಗೆ 1 ಲಕ್ಷ, ಹೆಂಗಸರು, ಮಕ್ಕಳಿಗೆ 2 ಲಕ್ಷ, ಮಾನವ ಸಾಗಣೆಯಂಥ ಘೋರ ಪ್ರಕರಣದಲ್ಲಿ 3 ಲಕ್ಷ. ಈ ದೊಡ್ಡ ಮೊತ್ತವನ್ನು ಮಾಲೀಕನ ಮೇಲಿನ ಕೇಸಿನ ಗತಿಗೆ ಗಂಟು ಹಾಕಿದ್ದಾರೆ, ಅದಕ್ಕೇ ವರ್ಷಗಟ್ಟಲೆ ಎಳೆಯುತ್ತದೆ. ಕೂಲಿಯವನ ಅನ್ನವನ್ನು ಸರ್ಕಾರಿ ವಕೀಲರ ಚುರುಕುತನಕ್ಕೆ ಕಟ್ಟಿಹಾಕಿದ ಈ ಏರ್ಪಾಡು ನನಗೆ ಯಾವತ್ತೂ ಸರಿಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಪಡಸಾಲೆಯಲ್ಲಿ ಅರವತ್ತು ದಾಟಿದ ಒಬ್ಬರಿಗೆ ಈ ಪತ್ರ ಸಿಕ್ಕಿತು. ಹೆಬ್ಬೆಟ್ಟಿನ ನೀಲಿ ಇನ್ನೂ ಆರಿರಲಿಲ್ಲ. ಓದಲು ಬರದ ಅವರು ಕಾಗದವನ್ನು ಮೂಸಿ ನೋಡಿ, ‘ಅಮ್ಮಾ, ಇದಕ್ಕೆ ಪ್ಲಾಸ್ಟಿಕ್ ಹಾಕಿಸಲಾ, ಮಳೆಗೆ ಹಟ್ಟಿ ಸೋರತದೆ’ ಎಂದರು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿ ಕೊಟ್ಟು ಲ್ಯಾಮಿನೇಷನ್ ಮಾಡಿಸಿದೆವು. ಆ ದಿನ ಅವರು ಕೇಳಿದ ಪ್ರಶ್ನೆ ಅದೊಂದೇ.

ನಮ್ಮೂರಾಗ ಕಟಿಂಗ್ ಅಂಗಡಿ ಎರಡು ಅದಾವ. ನಮ್ಮ ಕೇರಿಯವರು ಹೋದರ ‘ಇವತ್ತ ಬಂದ್’ ಅಂತಾರ, ನಾವು ಆ ಕಡೆ ತಿರುಗೂದರಾಗ ಬಾಗಿಲಾ ತೆಗೀತಾರ. ತಲಿ ಬೋಳಿಸಿಕೊಳ್ಳಾಕ ಪ್ಯಾಟಿಗೆ ಹೋಗಬೇಕು, ಒಂದು ದಿನದ ಪಗಾರ ಹೋಗತದ. ತಹಶೀಲ್ದಾರರು ಬಂದು ಶಾಂತಿ ಸಭಾ ಮಾಡಿ, ಎಲ್ಲರ ಮುಂದ ನಮ್ಮ ಹುಡುಗಗ ಕಟಿಂಗ್ ಮಾಡಿಸಿದರು. ಪೇಪರಿನಾಗ ಫೋಟೋ ಬಂತು. ಹದಿನೈದು ದಿನಕ್ಕ ಮತ್ತ ಬಂದ್. ದೂರು ಕೊಟ್ಟರ ಹೊಲದ ಕೆಲಸಕ್ಕ ಕರಿಯೂದಿಲ್ಲ ಅಂದಾರ.
ಕೊಪ್ಪಳ ಜಿಲ್ಲೆ

ಎರಡು ಬೇರೆ ಬೇರೆ ಅಪರಾಧ ಹೇಳಿದ್ದೀರಿ, ಒಂದೇ ಎಂದು ತಿಳಿದಿದ್ದೀರಿ. ಕ್ಷೌರ ಮಾಡದೆ ಕಳಿಸುವುದು ಅಸ್ಪೃಶ್ಯತೆ. ದೂರು ಕೊಟ್ಟರೆ ಕೆಲಸಕ್ಕೆ ಕರೆಯುವುದಿಲ್ಲ ಎನ್ನುವುದು ಬಹಿಷ್ಕಾರದ ಬೆದರಿಕೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅದರೊಳಗೆ ಹೆಸರು ಹೇಳಿ ಸೇರಿದೆ. ದೂರಿನಲ್ಲಿ ಎರಡನ್ನೂ ಬರೆಯಿರಿ.

ಒಂದು ಎಚ್ಚರಿಕೆ. ಇಂಥ ಪ್ರಕರಣಗಳಲ್ಲಿ ಆರೋಪಿ ಸ್ಥಾನದಲ್ಲಿ ಕಟಿಂಗ್ ಅಂಗಡಿಯವನೊಬ್ಬನೇ ನಿಲ್ಲುವುದನ್ನು ನೋಡಿದ್ದೇನೆ. ಅವನೂ ಹಿಂದುಳಿದ ಜಾತಿಯ ಬಡವ, ಬಾಡಿಗೆ ಮಳಿಗೆಯವ. ‘ಅವರಿಗೆ ಮಾಡಿದರೆ ನಾವ್ಯಾರೂ ಬರೂದಿಲ್ಲ’ ಎಂದು ಅವನಿಗೆ ತಾಕೀತು ಮಾಡಿದವರು ಕಟ್ಟೆಯ ಮೇಲೆ ಕೂತು ಸಾಕ್ಷಿ ಹೇಳುತ್ತಾರೆ. ಅವನ ತಪ್ಪು ತಪ್ಪೇ. ಆದರೆ ಹಾಗೆ ಹೇಳಿದವರು ಯಾರು, ಯಾವತ್ತು, ಎಲ್ಲಿ ಎಂಬುದು ದೂರಿನಲ್ಲಿ ಬರದಿದ್ದರೆ ಅಂಗಡಿಯವನು ಊರು ಬಿಡುತ್ತಾನೆ, ಬಾಗಿಲು ನಿಮಗೆ ಮುಚ್ಚಿದಂತೆಯೇ ಇರುತ್ತದೆ.

ಶಾಂತಿ ಸಭೆಯ ವಿಷಯ. ಫೋಟೋದಿಂದ ನಿಮಗೇನೂ ದಕ್ಕುವುದಿಲ್ಲ. ಸಭೆಯ ನಡವಳಿಯ ನಕಲು ಕೇಳಿ ಪಡೆಯಿರಿ, ಮಾಹಿತಿ ಹಕ್ಕಿನಲ್ಲಾದರೂ ಸರಿ. ತಾರತಮ್ಯ ನಡೆದಿದೆ ಎಂದು ತಹಶೀಲ್ದಾರರೇ ಸಹಿ ಮಾಡಿದ ಕಾಗದ ಅದು, ಅದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಸಿಗಲಾರದು. ಜೊತೆಗೆ, ಇಂಥ ದೂರು ಬಂದರೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ನೇರ ಎಫ್‌ಐಆರ್ ಆಗಬೇಕೆಂದು 2018ರ ತಿದ್ದುಪಡಿ ಹೇಳುತ್ತದೆ. ತನಿಖೆ ಡಿವೈಎಸ್‌ಪಿ ದರ್ಜೆಯವರದು, ಅರವತ್ತು ದಿನದಲ್ಲಿ ಮುಗಿಯಬೇಕು. ಕರ್ತವ್ಯ ಮಾಡದ ಅಧಿಕಾರಿಯ ಮೇಲೂ 4ನೇ ಸೆಕ್ಷನ್ ಇದೆ. ಅದನ್ನು ಬಳಸಿದವರನ್ನು ಕಂಡದ್ದು ಅಪರೂಪ, ಅರ್ಜಿಯ ಕೊನೆಯಲ್ಲಿ ಅದರ ಹೆಸರೆತ್ತಿದರೆ ಮಾತ್ರ ಠಾಣೆಯ ದನಿ ಬದಲಾಗುವುದನ್ನು ಹಲವು ಸಲ ಕಂಡಿದ್ದೇನೆ. ಸಹಾಯವಾಣಿ 14566.

ನಿಮ್ಮ ಜಿಲ್ಲೆಯ ಮರಕುಂಬಿ ನಿಮಗೆ ನಾನು ಹೇಳಬೇಕಾದ್ದಲ್ಲ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಸಿನಿಮಾ ಟಾಕೀಸಿನ ಜಗಳ ಕೇರಿಯ ಮನೆಗಳಿಗೆ ಬೆಂಕಿಯಾಗಿ ಬಂತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ನೀಡಿತು ಎಂಬುದನ್ನೂ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ. ಇತ್ತ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದಿದ್ದರು. ಸಾಕ್ಷಿ ಹೇಳುವವನ ಮನೆಯಲ್ಲಿ ಕೋರ್ಟಿಗೆ ಹೋಗುವ ದಿನವೂ ಒಲೆ ಉರಿಯಬೇಕು. ಕಾಯ್ದೆಯ 15ಎ ಸೆಕ್ಷನ್ ಸಾಕ್ಷಿಗಳಿಗೆ ರಕ್ಷಣೆ, ಓಡಾಟದ ಖರ್ಚು, ಭತ್ಯೆ ಎಲ್ಲ ಹೇಳುತ್ತದೆ. ಮೊದಲ ದಿನವೇ ಲಿಖಿತವಾಗಿ ಕೇಳಿ. ಹತ್ತು ವರ್ಷ ದಿನಗೂಲಿ ಬಿಟ್ಟು ಕೋರ್ಟಿಗೆ ತಿರುಗುವುದು ಧೈರ್ಯವೊಂದರಿಂದ ಆಗುವ ಕೆಲಸವಲ್ಲ.

ಪ್ರತಿ ಸಂಚಿಕೆಯಲ್ಲೂ ಜಾತಿ, ಜಾತಿ. ನಮ್ಮೂರಿನಲ್ಲಿ ಅಣ್ಣತಮ್ಮಂದಿರ ಹಾಗಿದ್ದೇವೆ. ಇಲ್ಲದ್ದನ್ನು ನೀವೇ ಕೆದಕುತ್ತೀರಿ ಅನ್ನಿಸುವುದಿಲ್ಲವೇ?
ತುಮಕೂರು ಜಿಲ್ಲೆಯ ನಿವೃತ್ತ ಶಿಕ್ಷಕರು

ನಿಮ್ಮೂರು ಹಾಗಿದ್ದರೆ ಸಂತೋಷ ಮೇಷ್ಟ್ರೇ. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅರ್ಧ ಗಂಟೆ ಕೂತು, ಪೇಪರ್ ಲೋಟದಲ್ಲಿ ಟೀ ಯಾರಿಗೆ ಹೋಗುತ್ತದೆ, ಸ್ಟೀಲ್ ಲೋಟದಲ್ಲಿ ಯಾರಿಗೆ ಎಂದು ನೋಡಿ ಬರೆಯಿರಿ. ಎಲ್ಲರಿಗೂ ಒಂದೇ ಎಂದಾದರೆ ಊರಿನ ಹೆಸರು ಸಮೇತ ಪ್ರಕಟಿಸುತ್ತೇನೆ.

ನಮ್ಮದು 64 ಮನೆಗಳ ಅಪಾರ್ಟ್‌ಮೆಂಟ್. ಎಸ್‌ಟಿಪಿ ಪಿಟ್ ಕಟ್ಟಿಕೊಂಡಿದೆ. ಮಷಿನ್‌ಗೆ ದುಬಾರಿ, ನಮ್ಮ ಹುಡುಗರು ಇಳಿದು ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ ಎಂದು ಕಾಂಟ್ರಾಕ್ಟರ್ ಹೇಳುತ್ತಿದ್ದಾರೆ. ‘ನಮ್ಮ ಜವಾಬ್ದಾರಿಯಲ್ಲಿ ಇಳಿಯುತ್ತಿದ್ದೇವೆ’ ಎಂದು ಹುಡುಗರಿಂದಲೇ ಬರೆಸಿಕೊಂಡರೆ ಅಸೋಸಿಯೇಷನ್ ಸೇಫ್ ತಾನೇ?
ಬೆಂಗಳೂರು

ಅಲ್ಲ. ಆ ಬರವಣಿಗೆ ನಿಮ್ಮ ವಿರುದ್ಧದ ಮೊದಲ ದಾಖಲೆಯಾಗುತ್ತದೆ: ಅಪಾಯ ಗೊತ್ತಿದ್ದೇ ಇಳಿಸಿದಿರಿ ಎಂದು.

ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ‘ನೇರವಾಗಿ ಅಥವಾ ಪರೋಕ್ಷವಾಗಿ’ ಎನ್ನುತ್ತದೆ, ಅಂದರೆ ಕಾಂಟ್ರಾಕ್ಟರ್ ನಡುವೆ ಇದ್ದರೂ ನೀವು ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿದೆ.

ಕಾನೂನು ಬಿಡಿ, ಪಿಟ್ಟಿನೊಳಗೆ ಏನಾಗುತ್ತದೆ ಕೇಳಿ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಅನಿಲ ಹೆಚ್ಚಾದಾಗ ಮೊದಲು ಸಾಯುವುದು ಮೂಗು. ವಾಸನೆ ಹೋಯಿತು, ಗಾಳಿ ಸರಿಯಾಯಿತು ಎಂದು ಇಳಿದವನು ಅಲ್ಲೇ ಕುಸಿಯುತ್ತಾನೆ. ಮೇಲಿದ್ದವನು ಅಣ್ಣನೋ ತಮ್ಮನೋ ಆಗಿರುತ್ತಾನೆ, ಎತ್ತಲು ಇಳಿಯುತ್ತಾನೆ. ಅದಕ್ಕೇ ಈ ಸುದ್ದಿಗಳಲ್ಲಿ ಹೆಣಗಳು ಜೋಡಿಯಾಗಿ ಬರುವುದು.

ಮಲ ಹೊರುವುದರ ವಿರುದ್ಧ ದೇಶವನ್ನು ಎಬ್ಬಿಸಿದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, 2016ರ ಮ್ಯಾಗ್ಸೆಸೆ ಪುರಸ್ಕೃತರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಎಪ್ಪತ್ತರ ದಶಕದಲ್ಲೇ ಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರು. ಅಂಥ ರಾಜ್ಯದಲ್ಲೇ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದನ್ನು ಕಂಡ ಮೇಲೂ ನಮ್ಮ ಲೆಕ್ಕ ಮಷಿನ್ ಬಾಡಿಗೆಯದೇ. 64 ಮನೆಗೆ ಹಂಚಿದರೆ ತಲಾ ಎಷ್ಟು ಬರುತ್ತದೆ, ನೀವೇ ಹಾಕಿ ನೋಡಿ. ಸಕ್ಕಿಂಗ್ ಮಷಿನ್ ತರಿಸಿ, ‘ಮನುಷ್ಯರನ್ನು ಇಳಿಸುವುದಿಲ್ಲ’ ಎಂದು ವರ್ಕ್ ಆರ್ಡರಿನಲ್ಲೇ ಬರೆಯಿರಿ. ಬರೆಸಿಕೊಳ್ಳಲೇಬೇಕೆಂದಿದ್ದರೆ ಕಾಂಟ್ರಾಕ್ಟರ್ ಹತ್ತಿರ ಅದನ್ನು ಬರೆಸಿಕೊಳ್ಳಿ.

ಅಕ್ಕಾ, ನಮ್ಮವ್ವನಿಗೆ ಸಣ್ಣಾಕಿ ಇದ್ದಾಗ ಮುತ್ತು ಕಟ್ಟಿದ್ದರು. ನಾನು ಈಗ ಡಿಗ್ರಿ ಓದತೀನಿ. ಎಲ್ಲಾ ಅರ್ಜಿಯಾಗೂ ತಂದೆ ಹೆಸರು ಕೇಳತಾರ. ಶಾಲ್ಯಾಗ ಮಾಸ್ತರು ಮಾಮಾನ ಹೆಸರು ಬರೆದಿದ್ದರು, ಈಗ ಜಾತಿ ಪ್ರಮಾಣ ಪತ್ರಕ್ಕ ಅದು ತಾಳೆ ಆಗವಲ್ದು. ಖಾಲಿ ಬಿಟ್ಟರ ಕೌಂಟರಿನಾಗ ಎಲ್ಲರ ಮುಂದ ‘ನಿಮ್ಮಪ್ಪ ಯಾರು’ ಅಂತ ಕೇಳತಾರ. ನಮ್ಮವ್ವನ ಹೆಸರು ಸರ್ವೇ ಪಟ್ಟಿಯಾಗೂ ಇಲ್ಲ.
ಬಳ್ಳಾರಿ ಜಿಲ್ಲೆ

ತಂಗೀ, ಕೌಂಟರಿನಲ್ಲಿ ಕೇಳುವ ಆ ಪ್ರಶ್ನೆಗೆ ಉತ್ತರ ಕೊಡುವ ಕರ್ತವ್ಯ ನಿನಗಿಲ್ಲ. ಅದನ್ನು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೋ. 2015ರಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತ ತಾಯಿಯೊಬ್ಬರ ಪ್ರಕರಣದಲ್ಲಿ, ತಂದೆ ಯಾರೆಂದು ಹೇಳು ಎಂದು ಆಕೆಯನ್ನು ಒತ್ತಾಯಿಸುವಂತಿಲ್ಲ, ಜನನ ಪ್ರಮಾಣ ಪತ್ರಕ್ಕೆ ತಾಯಿಯ ಅಫಿಡವಿಟ್ ಸಾಕು ಎಂದಿದೆ. ಪಾಸ್‌ಪೋರ್ಟಿಗೆ 2016ರಿಂದ ತಂದೆ ತಾಯಿಯಲ್ಲಿ ಒಬ್ಬರ ಹೆಸರಿದ್ದರೆ ಸಾಕು. ಪಾನ್ ಕಾರ್ಡಿಗೂ ತಾಯಿಯ ಹೆಸರು ನಡೆಯುತ್ತದೆ. ಜಾತಿಯ ವಿಷಯದಲ್ಲಿ, ಮಗುವಿಗೆ ತಂದೆಯ ಜಾತಿಯೇ ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ, ಯಾರ ಮಡಿಲಲ್ಲಿ, ಯಾವ ಸಮುದಾಯದಲ್ಲಿ ಬೆಳೆಯಿತು ಎಂದು ನೋಡಬೇಕು ಎಂಬ 2012ರ ತೀರ್ಪಿದೆ. ಆ ಪ್ರಕರಣ ಅಂತರ್ಜಾತಿ ಮದುವೆಯದು, ಆದರೂ ನಿನಗೆ ಅನ್ವಯಿಸುವ ನ್ಯಾಯ ಅದೇ. ಅವ್ವನ ಜಾತಿ ಪತ್ರ, ಅವ್ವನ ಅಫಿಡವಿಟ್, ನಿನ್ನ ಶಾಲೆಯ ದಾಖಲೆ ಹಚ್ಚಿ ತಹಶೀಲ್ದಾರರಿಗೆ ಅರ್ಜಿ ಕೊಡು. ಮಾಮಾನ ಹೆಸರು ಹೇಗೆ ಬಂತೆಂದು ಅಫಿಡವಿಟ್ಟಿನಲ್ಲಿ ನೇರವಾಗಿ ಬರೆಸು, ಮುಚ್ಚಿಟ್ಟರೆ ನಾಳೆ ಸುಳ್ಳು ದಾಖಲೆ ಎಂದಾರು. ತಿರಸ್ಕರಿಸಿದರೆ ಬಾಯಿಮಾತು ಕೇಳಿ ವಾಪಸ್ ಬರಬೇಡ, ‘ಹಿಂಬರಹ ಕೊಡ್ರಿ’ ಅನ್ನು. ಯಾವ ಕಾರಣಕ್ಕೆ ಕೊಡುವುದಿಲ್ಲ ಎಂದು ಬರೆದು ಸಹಿ ಮಾಡಬೇಕಾದಾಗ ಅರ್ಧ ಅರ್ಜಿಗಳು ಅಲ್ಲೇ ಪಾಸಾಗುತ್ತವೆ. ಇದು ನನ್ನ ಇಪ್ಪತ್ತು ವರ್ಷದ ಅನುಭವ.

ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ನಮ್ಮ ಕಾಯ್ದೆ 1982ರದು. ಅದು ಮುತ್ತು ಕಟ್ಟುವುದನ್ನು ಅಪರಾಧವೆಂದಿತು, ಹುಟ್ಟಿದ ಮಕ್ಕಳ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಮಕ್ಕಳ ಗುರುತು, ಹಕ್ಕುಗಳನ್ನು ಒಳಗೆ ತಂದಿದೆ, ನಿನ್ನಂಥ ಹುಡುಗಿಯರು ಬೀದಿಗಿಳಿದು ಕೇಳಿದ್ದರಿಂದ ಅದು ಬಂತು. ಇನ್ನು ಪಟ್ಟಿಯ ಮಾತು. ಹಿಂದಿನ ಸಮೀಕ್ಷೆಗಳು 1993-94 ಹಾಗೂ 2007-08ರಲ್ಲಿ ನಡೆದವು. ಅವತ್ತು ಗುಳೆ ಹೋದವರು, ನಾಚಿಕೆಗೆ ಹೆಸರು ಹೇಳದವರು ಹೊರಗುಳಿದರು. ಹೊರಗುಳಿದವರಿಗೆ ಪಿಂಚಣಿಯಿಲ್ಲ, ಮನೆಯಿಲ್ಲ. ಹೊಸದಾಗಿ ಸೇರಿಸಿ ಎಂದು ಅವ್ವನ ಅರ್ಜಿಯನ್ನು ಮಹಿಳಾ ಅಭಿವೃದ್ಧಿ ನಿಗಮದ ದೇವದಾಸಿ ಪುನರ್ವಸತಿ ಯೋಜನಾ ಕಚೇರಿಗೆ ಕೊಡು. ಅವ್ವ ಬರಲು ಹಿಂಜರಿದರೆ ಒತ್ತಾಯ ಬೇಡ, ನೀನೇ ಹೋಗು. ಆಕೆ ಆ ಪ್ರಶ್ನೆಗಳನ್ನು ಸಾಕಷ್ಟು ಕೇಳಿಸಿಕೊಂಡಿದ್ದಾಳೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದೆ ‘ನಿಮ್ಮ ಲಿಮಿಟ್ಸ್ ನಮ್ಮದಲ್ಲ’ ಎಂದು ಕಳಿಸಿದರು. ಮಾನವ ಹಕ್ಕುಗಳ ಆಯೋಗಕ್ಕೆ ಬರೆದರೆ ಪ್ರಯೋಜನವಿದೆಯೇ?
ಹಾಸನ

ಲಿಮಿಟ್ಸ್ ಎನ್ನುವ ನೆಪ ಈಗ ನಡೆಯುವುದಿಲ್ಲ. ಗಂಭೀರ ಅಪರಾಧವಾದರೆ ಯಾವ ಠಾಣೆಯಾದರೂ ದಾಖಲಿಸಿ ವರ್ಗಾಯಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ, ಎಫ್‌ಐಆರ್ ಪ್ರತಿ ಉಚಿತ. ಮೊದಲು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ, ಆಮೇಲೆ ಮ್ಯಾಜಿಸ್ಟ್ರೇಟರ ಬಳಿಗೆ. ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ಬರೆಯಬಹುದು, ಘಟನೆ ನಡೆದು ವರ್ಷ ದಾಟಿರಬಾರದು ಅಷ್ಟೆ. ಅದರ ಕೈಯಲ್ಲಿರುವುದು ಶಿಫಾರಸು. ಆದರೂ ಆಯೋಗ ವರದಿ ಕೇಳಿದಾಗ ಠಾಣೆಯಲ್ಲಿ ಯಾರಾದರೊಬ್ಬರು ಕೂತು ನಿಮ್ಮ ದೂರನ್ನು ಓದಲೇಬೇಕಾಗುತ್ತದೆ.

ಮೇಡಂ, ಹೋದ ವರ್ಷ ನೀವು ಹೇಳಿದ ಹಾಗೆ ಅರ್ಜಿ ಹಾಕಿ ಜೀತದ ಬಿಡುಗಡೆ ಪತ್ರ ಸಿಕ್ಕಿತು. ಅದರಲ್ಲಿ ‘ಹನುಮಪ್ಪ’ ಅಂತ ಇದೆ, ನನ್ನ ಆಧಾರ್‌ನಲ್ಲಿ ‘ಹನುಮಂತ’. ಬ್ಯಾಂಕಿನವರು ದುಡ್ಡು ಕೊಡುತ್ತಿಲ್ಲ. ಆಧಾರ್ ಬದಲಾಯಿಸಿ ಎನ್ನುತ್ತಾರೆ.
ರಾಮನಗರ

ಆಧಾರ್ ಮುಟ್ಟಬೇಡಿ. ಅದನ್ನು ಬದಲಿಸಿದರೆ ರೇಷನ್ ಕಾರ್ಡು, ಜಾಬ್ ಕಾರ್ಡು ಎಲ್ಲ ಕೆಡುತ್ತವೆ. ತಪ್ಪಾದದ್ದು ಎಸಿ ಕಚೇರಿಯಲ್ಲಿ, ತಿದ್ದಬೇಕಾದ್ದೂ ಅಲ್ಲೇ. ‘ಇಬ್ಬರೂ ಒಬ್ಬನೇ ವ್ಯಕ್ತಿ’ ಎಂಬ ಅಫಿಡವಿಟ್, ಆಧಾರ್, ರೇಷನ್ ಕಾರ್ಡ್ ಹಚ್ಚಿ ತಿದ್ದುಪಡಿ ಆದೇಶ ಕೇಳಿ. ಸೋಮವಾರ ಹೋಗಬೇಡಿ, ಮೀಟಿಂಗುಗಳಿರುತ್ತವೆ. ಮೂಲ ಪತ್ರ ಇಲ್ಲೇ ಇಟ್ಟುಹೋಗಿ, ಆಮೇಲೆ ಕೊಡುತ್ತೇವೆ ಎಂದು ಕೇಸ್ ವರ್ಕರ್ ಹೇಳಿದರೆ ಜೆರಾಕ್ಸ್ ಕೊಡಿ. ಮೂಲ ಪತ್ರ ನಿಮ್ಮ ಕೈಯಲ್ಲೇ ಇರಲಿ.